ಮೂರು ಚುಕ್ಕಿಯ ಬಂದೂಕು

ಸೆಪ್ಟೆಂಬರ್ ೧೪

ಪ್ರೀತಿಯ ತಮ್ಮ,

ನಿಮ್ಮ ತುಕಡಿಗೆ ಬರಬೇಕಾದ ಹೊಸ ಬಂದೂಕುಗಳು ನಿನ್ನೆ ಪೆಟ್ಟಿಗೆ ಸೇರಿದವು. ಇದನ್ನೆಲ್ಲ ಬರೆಯಬಾರದೇನೋ. ಆದರೆ ಪೆಟ್ಟಿಗೆಗಳ ಮೇಲೆ ನಿಮ್ಮ ತುಕಡಿಯ ಸಂಖ್ಯೆಯನ್ನು ಇಷ್ಟು ದಪ್ಪ ಅಕ್ಷರದಲ್ಲಿ ಬಳಿದು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಾರೆ. ಕಾರ್ಖಾನೆಯ ಬೆಕ್ಕಿಗೂ ಗೊತ್ತಿರುವ ವಿಷಯವನ್ನು ನಾನೊಬ್ಬಳು ಗುಟ್ಟು ಮಾಡಿ ಏನು ಬಂತು?

ಹಳೆಯ ಬಂದೂಕಿಗೆ ಮರದ ಹಿಡಿ ಕೆತ್ತುತ್ತಿದ್ದ ಬಡಗಿಗಳೇ ಈಗ ಹೊಸದಕ್ಕೆ ಪೆಟ್ಟಿಗೆ ಮಾಡುತ್ತಿದ್ದಾರೆ. ಹೊಸದರಲ್ಲಿ ಮರವೆಂಬುದೇ ಇಲ್ಲ. ಅವರಲ್ಲಿ ಹಿರಿಯರೊಬ್ಬರು ಪೆಟ್ಟಿಗೆಯ ಒಳಮೈಗೂ ಉಪ್ಪುಕಾಗದ ಹಾಕಿ ಉಜ್ಜುತ್ತ ಕೂತಿದ್ದರು. ಒಳಗೆ ಯಾರು ನೋಡುತ್ತಾರೆ ಎಂದು ಕೇಳಿದೆ. "ಕೈ ಸುಮ್ನಿರಲ್ವಲ್ಲಮ್ಮ," ಎಂದರು.

ನನ್ನ ಕೈಯೂ ಸುಮ್ಮನಿರಲಿಲ್ಲ. ನಿನಗೆ ನೆನಪಿದೆಯಲ್ಲ, ಸೇನೆಯ ರಿಪೇರಿ ಕೊಟ್ಟಿಗೆಯಲ್ಲಿ ಅಪ್ಪ ಯಾವ ಬಂದೂಕು ಬಂದರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಒಳಗೆ ಸದ್ದಾದರೆ ಮುಖ ಸಿಂಡರಿಸಿ, "ಇದು ಬಂದೂಕಲ್ಲ, ಗಿಲಕಿ," ಎನ್ನುತ್ತಿದ್ದರು. ತಪಾಸಣೆಯ ಮೇಜಿನಲ್ಲಿ ಕೂತು ನಾನೂ ಅದನ್ನೇ ಮಾಡುತ್ತ ಬಂದಿದ್ದೇನೆ. ಹಿಂದೆ ಮುಂದೆ ಸರಿದು ಮುಂದಿನ ಗುಂಡನ್ನು ಒಳಗೆ ತಳ್ಳುವ ಬೋಲ್ಟು ಎಷ್ಟು ಸಡಿಲವಾಗಿರಬಹುದು ಎಂದು ಡ್ರಾಯಿಂಗಿನಲ್ಲಿ ಮಿತಿ ಕೊಟ್ಟಿದ್ದಾರೆ. ಆ ಮಿತಿಯೊಳಗೇ ಇದ್ದರೂ, ಅಲುಗಾಡಿಸಿದಾಗ ಸದ್ದು ಮಾಡಿದ್ದನ್ನೆಲ್ಲ ಬಿಸಿಲಿನ ಸೀಮೆಗೆ ಹೋಗುವ ಪಕ್ಕದ ಮೇಜಿನ ಸಾಲಿಗೆ ಸರಿಸಿಬಿಟ್ಟೆ. ತುಟಿ ಪಿಟಕ್ಕೆನ್ನದ ಬಿಗಿ ಬಂದೂಕುಗಳನ್ನೇ ಒಂದೊಂದಾಗಿ ಆರಿಸಿ ನಿಮ್ಮ ಪೆಟ್ಟಿಗೆಗಳಿಗೆ ಹಾಕಿಸಿದೆ. ಪಕ್ಕದ ಮೇಜಿನವಳು, "ಹೆಣ್ಣು ನೋಡೋಕೆ ಹೋದೋರೂ ಇಷ್ಟು ಕೊಂಕು ತೆಗೆಯಲ್ಲ ಕಣೇ," ಎಂದು ನಕ್ಕಳು.

ಬಂದೂಕು ಬಂದ ಮೇಲೆ, ಬೆರಳಿಟ್ಟು ಎಳೆಯುವ ಕುದುರೆಯ ಮೇಲ್ಗಡೆ, ಎಡಪಕ್ಕ ನೋಡು. ಸಾಸಿವೆ ಕಾಳಿನಷ್ಟು ಮೂರು ಚುಕ್ಕಿಗಳಿರುತ್ತವೆ. ಅದು ನನ್ನ ತಪಾಸಣೆಯ ಗುರುತು. ಅಪ್ಪ ಹಾಕುತ್ತಿದ್ದ ಹಾಗೆ ಕೈಬಿಚ್ಚಿ ಎಣ್ಣೆ ಹಾಕು, ಜಿಪುಣತನ ಮಾಡಬೇಡ.

ಅಮ್ಮ ನಿನಗೆ ಕಿವಿ ಮುಚ್ಚಿಕೊಳ್ಳಲು ಹೇಳಿದ್ದಾಳೆ. ಚಳಿಗೋ ಗುಂಡಿನ ಸದ್ದಿಗೋ, ಹೇಳಲಿಲ್ಲ.

ನಿನ್ನ
ಅಕ್ಕ

*

ಅಕ್ಟೋಬರ್ ೬

ಅಕ್ಕ,

ಬಂದವು. ನನ್ನ ಕೈಗೆ ಸಿಕ್ಕಿದ್ದನ್ನು ತಿರುಗಿಸಿ ನೋಡಿದೆ, ಮೂರು ಚುಕ್ಕಿ. ಪಕ್ಕದವನದ್ದು ನೋಡಿದೆ, ಅದರಲ್ಲೂ ಮೂರು ಚುಕ್ಕಿ. ನಮ್ಮ ಠಾಣೆಯ ಅಷ್ಟೂ ಬಂದೂಕುಗಳ ಮೇಲೆ ನೀನೇ ಕೂತಿದ್ದೀಯ. ಈಗ ನನಗೆ ಇಲ್ಲಿ ಹೆಸರಿಲ್ಲ. "ಚುಕ್ಕಿಯಕ್ಕನ ತಮ್ಮ" ಎಂದೇ ಕರೆಯುತ್ತಾರೆ.

ಹಳೆಯದಕ್ಕೆ ಇವರೆಲ್ಲ ಸೇರಿ ಅತ್ತೆ ಎಂದು ಹೆಸರಿಟ್ಟಿದ್ದಾರೆ, ಹೊಸದಕ್ಕೆ ಸೊಸೆ. ಅತ್ತೆ ಭಾರ, ಭುಜಕ್ಕೆ ಒದೆಯುತ್ತಾಳೆ, ಮೈಯೆಲ್ಲ ಗಡಗಡ. ಆದರೆ ಕೆಸರಿನಲ್ಲಿ ಬಿದ್ದೆದ್ದರೂ ಒಂದು ದಿನ ಕೆಲಸ ನಿಲ್ಲಿಸಿದವಳಲ್ಲ. ಸೊಸೆ ಹಗುರ, ನೋಟ ಚುರುಕು. ತಲೆಯ ಮೇಲಿನ ಗಾಜಿನೊಳಗೆ ಕಣ್ಣಿಟ್ಟರೆ ಎದುರು ದಿಣ್ಣೆಯ ಕಲ್ಲು ಅಂಗೈಗೆ ಬಂದು ಕೂತ ಹಾಗಿರುತ್ತದೆ. ನನ್ನ ಪಕ್ಕ ಮಲಗುವ ಉದ್ದಣ್ಣ (ಮಂಚದಿಂದ ಕಾಲು ಹೊರಗೇ ಇರುವುದರಿಂದ ಆ ಹೆಸರು) ಅದನ್ನು ಅಲುಗಾಡಿಸಿ ನೋಡಿ, "ನಿಮ್ಮಕ್ಕ ಇದಕ್ಕೆ ಏನೋ ಗದರಿಸಿ ಕಳ್ಸಿದಾಳೆ ಕಣೋ, ಉಸಿರೇ ಬಿಡ್ತಿಲ್ಲ," ಎಂದ.

ನಿನ್ನ ಎಣ್ಣೆಯ ಮಾತನ್ನು ಎಲ್ಲರಿಗೂ ಹೇಳಿದ್ದೇನೆ. ಮಾಡಿದವಳೇ ಹೇಳಿದ ಮೇಲೆ ಯಾರು ಇಲ್ಲವೆನ್ನುತ್ತಾರೆ? ಹಳೆಯವು ಸದ್ಯಕ್ಕೆ ಇಲ್ಲೇ ಇವೆ. ನವೆಂಬರ್ ಕೊನೆಗೆ, ದಾರಿ ಮುಚ್ಚುವ ಮುಂಚೆ, ಲಾರಿ ಬಂದು ಒಯ್ಯುತ್ತದೆ.

ತಮ್ಮ

*

ಅಕ್ಟೋಬರ್ ೨೯

ತಮ್ಮ,

ನಿನ್ನ ಪತ್ರವನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಅತ್ತೆ ಸೊಸೆ ಭಾಗಕ್ಕೆ ಬಂದಾಗ ಬಡಗಿಗಳು ಮಾತ್ರ ನಗಲಿಲ್ಲ, ಉಳಿದವರೆಲ್ಲ ಮೇಜು ಕುಟ್ಟಿದರು. ನಮ್ಮ ಮುಖ್ಯಸ್ಥರು ಪತ್ರವನ್ನು ಕೇಳಿ ಪಡೆದು ಬಾಗಿಲ ಬಳಿಯ ಬೋರ್ಡಿಗೆ ಪಿನ್ನು ಚುಚ್ಚಿ ಹಾಕಿಸಿದ್ದಾರೆ. ಮುಂದಿನ ವರ್ಷ ತಪಾಸಣೆಯ ಕೋಣೆಯನ್ನು ನನ್ನ ಕೈಗೆ ಕೊಡುವ ಮಾತೂ ಎತ್ತಿದರು. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬೀದಿಯ ಕೊನೆಯ ಮನೆಯವರೆಗೂ ತಲುಪುತ್ತದೆ.

ಅಲ್ಲಿ ಈಗ ಚಳಿ ಹೇಗಿದೆ? ಬೆಳಿಗ್ಗೆ ಹೊತ್ತು ಏನಾದರೂ ಗಡುಸಾಗುತ್ತದೆಯೇ? ನಿನ್ನ ಕೈಬೆರಳು, ಬೂಟು, ಬಂದೂಕು, ಏನೇ ಆಗಲಿ. ಸುಮ್ಮನೆ ಕೇಳಿದೆ. ಇಲ್ಲಿ ಕೂತವರಿಗೆ ಅಲ್ಲಿನ ಚಳಿ ಅಂದಾಜಿಗೆ ಸಿಗುವುದಿಲ್ಲ.

ನೀನು ಇದ್ದದ್ದು ಇದ್ದ ಹಾಗೆ ಬರೆಯುವವನು. ಚಿಕ್ಕವನಿದ್ದಾಗ ಸುಳ್ಳು ಹೇಳಬೇಕಾದರೆ ನೀನು ಮೊದಲು ಒಂದು ಜೋಕ್ ಹೇಳುತ್ತಿದ್ದೆ. ಅದಕ್ಕೇ ಕೂಡಲೇ ಸಿಕ್ಕಿಬೀಳುತ್ತಿದ್ದೆ.

ಬೇಗ ಉತ್ತರ ಬರಿ.

ಅಕ್ಕ

*

ನವೆಂಬರ್ ೨೦

ಅಕ್ಕ,

ಕೋಣೆಯ ಯಜಮಾನಿಗೆ ನಮಸ್ಕಾರ. ಉದ್ದಣ್ಣ ಕೇಳುತ್ತಿದ್ದಾನೆ, ನಿನ್ನ ಕೋಣೆಯಲ್ಲಿ ಮಂಚ ಎಷ್ಟು ಉದ್ದ ಇರುತ್ತದೆ ಎಂದು.

ಚಳಿಯ ಬಗ್ಗೆ ಏನು ಹೇಳಲಿ. ಹಲ್ಲುಜ್ಜುವ ಬ್ರಷ್ಷನ್ನು ಮೊದಲು ಬಾಯಲ್ಲಿಟ್ಟು ಕರಗಿಸಿಕೊಳ್ಳಬೇಕು. ಬಂದೂಕು ಚೆನ್ನಾಗಿದೆ. ಎಷ್ಟು ಚೆನ್ನಾಗಿದೆಯೆಂದರೆ ಸೊಸೆಯನ್ನು ಈಗ ಯಾರೂ ಹೊರಗಿನ ಚೌಕಟ್ಟಿನಲ್ಲಿ ಒರಗಿಸಿಡುವುದಿಲ್ಲ. ನಮ್ಮ ಮಲಗುವ ಚೀಲದೊಳಗೇ ಪಕ್ಕಕ್ಕೆ ಹಾಕಿಕೊಳ್ಳುತ್ತೇವೆ. ಬೆಳಿಗ್ಗೆ ಚಹಾಕ್ಕಿಂತ ಮೊದಲು ಎಲ್ಲರೂ ಸಾಲಾಗಿ ಕೂತು ಬೋಲ್ಟನ್ನು ಹಿಂದಕ್ಕೂ ಮುಂದಕ್ಕೂ ಎಳೆದೆಳೆದು ಅದರ ಆಲಸ್ಯ ಬಿಡಿಸುತ್ತೇವೆ. ನೋಡಿದವರಿಗೆ ಮೊಸರು ಕಡೆಯುವ ಹಾಗೆ ಕಾಣಬೇಕು. ಎಣ್ಣೆಗೇನೂ ಕಡಿಮೆಯಿಲ್ಲ.

ಲಾರಿ ಬರುವ ವಾರ ಹಳೆಯವನ್ನೆಲ್ಲ ಒಪ್ಪಿಸುತ್ತೇವೆ. ಆಮೇಲೆ ನಮ್ಮ ಗುಂಪು ಇನ್ನೂ ಮೇಲಿನ ಠಾಣೆಗೆ ಹತ್ತಬೇಕು. ಅಲ್ಲಿಗೆ ಟಪಾಲು ಬರುವುದು ದಾರಿಯ ಮರ್ಜಿ.

ಬೋರ್ಡಿನ ಮೇಲಿರುವ ನನ್ನ ಪತ್ರಕ್ಕೆ ಧೂಳು ಕೂರದ ಹಾಗೆ ನೋಡಿಕೋ. ಅಮ್ಮನಿಗೆ ಹೇಳು, ಕಿವಿ ಮುಚ್ಚಿಕೊಂಡಿದ್ದೇನೆ.

ತಮ್ಮ

*

ಡಿಸೆಂಬರ್ ೫

ಅಕ್ಕ,

ಇದನ್ನು ಟಪಾಲಿಗೆ ಹಾಕುತ್ತಿಲ್ಲ. ಅಲ್ಲಿ ಪತ್ರಗಳನ್ನು ಬಿಡಿಸಿ ಓದುತ್ತಾರೆ. ಗಾಯಗೊಂಡವರ ಜೊತೆ ನಮ್ಮ ಅಡುಗೆಯವನು ಕೆಳಗಿಳಿಯುತ್ತಿದ್ದಾನೆ, ಅವನ ಕೈಗೆ ಕೊಡುತ್ತಿದ್ದೇನೆ. ಅಮ್ಮನ ಮುಂದೆ ಓದಬೇಡ.

ಮೊನ್ನೆ ಬೆಳಗಿನ ಪಹರೆಯಲ್ಲಿ ಕಣಿವೆಯ ತಿರುವಿನಲ್ಲಿ ಆ ಕಡೆಯವರು ಎದುರಾದರು. ಅವರೂ ನಿರೀಕ್ಷಿಸಿರಲಿಲ್ಲ, ನಾವೂ ಇಲ್ಲ. ನಾನು ಮುಂದಿದ್ದೆ. ಮೊದಲ ಗುಂಡು ಹೋಯಿತು. ಎರಡನೆಯದು ಹೋಗಲಿಲ್ಲ. ಬೋಲ್ಟು ಹಿಂದಕ್ಕೆ ಹೋದದ್ದು ನಿದ್ದೆಗಣ್ಣಿನವನ ಹಾಗೆ ಅರ್ಧ ದಾರಿಗೆ ಬಂದು ನಿಂತಿತು. ಅಂಗೈಯಿಂದ ಗುದ್ದಿದೆ, ಮಂಡಿಗೆ ಒತ್ತಿ ತಳ್ಳಿದೆ. ಉದ್ದಣ್ಣ ನನ್ನನ್ನು ಕುತ್ತಿಗೆಪಟ್ಟಿ ಹಿಡಿದು ಬಂಡೆಯ ಹಿಂದಕ್ಕೆ ಎಳೆದು ತಾನು ಆ ಜಾಗಕ್ಕೆ ಬಂದ. ಅವನದೂ ಒಂದೇ ಗುಂಡಿಗೆ ನಿಂತಿತು. ಅವರ ಗುಂಡು ಅವನ ಬಲ ಭುಜಕ್ಕೆ ಬಿತ್ತು. ಅವರು ಯಾಕೆ ಹಿಂದೆ ಸರಿದರೋ ತಿಳಿಯದು. ಮುಂದೆ ಬಂದಿದ್ದರೆ ನಾವೆಲ್ಲ ಕೈಯಲ್ಲಿ ಹಗುರವಾದ ದೊಣ್ಣೆ ಹಿಡಿದು ನಿಂತಿರುತ್ತಿದ್ದೆವು.

ಅಕ್ಟೋಬರ್ ಕೊನೆಯಿಂದಲೂ ಹೀಗೇ ಇದೆ. ಚಳಿ ಏರಿದಷ್ಟೂ ಎರಡನೆಯ ಗುಂಡು ತಡವರಿಸುತ್ತದೆ. ನಾನು ಬರೆಯಲಿಲ್ಲ. ಬೇರೆಯವರಿಗೂ ದೂರು ಕೊಡಬೇಡಿ ಎಂದು ನಾನೇ ಕೈಮುಗಿದಿದ್ದೆ. ದೂರು ಕೊಟ್ಟರೆ ಮೊದಲು ನೋಡುವುದು ಯಾರ ಗುರುತಿದೆ ಎಂದು. ನಿನಗೆ ಕೋಣೆ ಕೊಡುವ ಹೊತ್ತಿನಲ್ಲಿ, ನನ್ನನ್ನು ಕೇಳಿ ಕೇಳಿ ಒಂದು ಒಳ್ಳೆಯ ಮಾತು ಬರೆಸಿಕೊಳ್ಳುತ್ತಿದ್ದೀಯ ಎಂದುಕೊಂಡೆ. ಬರೆದುಕೊಟ್ಟೆ.

ವಿಚಾರಣೆ ಶುರುವಾಗಿದೆ. ಬಂದೂಕು ಯಾಕೆ ನಿಂತಿತು ಎಂದು ಸಾಹೇಬರು ಕೇಳಿದರು. ನಾನು ಸ್ವಚ್ಛ ಮಾಡಿರಲಿಲ್ಲ, ಉದ್ದಣ್ಣನದನ್ನೂ ನಾನೇ ನೋಡಿಕೊಳ್ಳಬೇಕಿತ್ತು, ಮರೆತೆ ಎಂದೆ. ನಂಬಿದ ಹಾಗೆ ಕಾಣುತ್ತದೆ. ಶಿಕ್ಷೆ ಏನೆಂದು ಗೊತ್ತಾಗಬೇಕು.

ನೀನು ಏನೂ ಮಾಡಬೇಡ. ನನಗೊಬ್ಬನಿಗೆ ಹೇಳು ಸಾಕು, ಎರಡನೆಯ ಗುಂಡು ಯಾಕೆ ಹೋಗುವುದಿಲ್ಲ? ಹಳೆಯ ಬಂದೂಕು ಒಂದೂ ಇಲ್ಲಿ ಉಳಿದಿಲ್ಲ. ನಾಳೆ ಮತ್ತೆ ಅದೇ ತಿರುವಿಗೆ ಪಹರೆ.

ತಮ್ಮ

*

ಡಿಸೆಂಬರ್ ೮

ತಮ್ಮ,

ನಿನ್ನ ನವೆಂಬರಿನ ಪತ್ರ ಇವತ್ತು ಬಂತು. ಅದರಲ್ಲಿ ಮೊದಲ ಸಾಲಿಗೇ ಜೋಕ್ ಇದೆ.

ಚೆನ್ನಾಗಿರುವ ಬಂದೂಕನ್ನು ಯಾರೂ ಹಾಸಿಗೆಗೆ ಹಾಕಿಕೊಳ್ಳುವುದಿಲ್ಲ. ಚೆನ್ನಾಗಿರುವ ಬೋಲ್ಟನ್ನು ಯಾರೂ ಚಹಾಕ್ಕೆ ಮೊದಲು ಎಳೆಯುತ್ತ ಕೂರುವುದಿಲ್ಲ. ನಿನಗೆ ಹೇಳದೆ ಇಟ್ಟಿದ್ದ ಒಂದು ಸಂಗತಿ ನನ್ನ ಹತ್ತಿರವೂ ಇದೆ. ಅಕ್ಟೋಬರಿನಲ್ಲಿ ಸೇನೆಯ ಪರೀಕ್ಷಾ ಕೇಂದ್ರದಿಂದ ವಿಚಾರಿಸಿ ಒಂದು ಕಾಗದ ಬಂದಿತ್ತು. ಚಳಿಯಲ್ಲಿಟ್ಟು ನೋಡಿದಾಗ ಒಂದು ಬಂದೂಕು ಸಿಕ್ಕಿಕೊಂಡಿತು, ಉಳಿದವು ನಡೆದವು ಎಂದು. ಸಿಕ್ಕಿಕೊಂಡದ್ದು ಮೂರು ಚುಕ್ಕಿಯದು. ಮುಖ್ಯಸ್ಥರು ಬೋರ್ಡಿನ ಕಡೆ ಕೈ ತೋರಿಸಿ, ಬೆಟ್ಟದ ಠಾಣೆಯಿಂದಲೇ ಇಂಥ ಪತ್ರ ಬಂದಿರುವಾಗ ಒಂದು ಬಂದೂಕಿನ ಹಠಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು ಎಂದರು. ನನಗೂ ಹಾಗೇ ನಂಬಬೇಕೆನ್ನಿಸಿತ್ತು, ನಂಬಿದೆ. ನಿನ್ನನ್ನು ಹೆದರಿಸುವುದು ಯಾಕೆ ಎಂದು ಸುತ್ತು ಬಳಸಿ ಚಳಿಯನ್ನು ಕೇಳಿದೆ.

ಇವತ್ತು ನಿನ್ನ ಪತ್ರ ಓದಿದವಳು ಎದ್ದು ಹೋಗಿ ಎರಡು ಬಂದೂಕು ತಂದೆ. ಒಂದು ನಾನು ಒಪ್ಪಿದ್ದು, ಇನ್ನೊಂದು ಪಕ್ಕದ ಮೇಜಿನವಳು ಒಪ್ಪಿದ್ದು, ಅಲುಗಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುವಂಥದ್ದು. ಎರಡಕ್ಕೂ ಅಪ್ಪನ ಹಾಗೆ ಎಣ್ಣೆ ಹಾಕಿ, ಪ್ರಯೋಗಾಲಯದಲ್ಲಿ ಕಬ್ಬಿಣದ ತುಂಡುಗಳನ್ನು ತಣ್ಣಗೆ ಮಾಡುವ ಪೆಟ್ಟಿಗೆಯಲ್ಲಿ ಮಲಗಿಸಿದೆ. ಸಂಜೆ ತೆಗೆದೆ. ಅವಳದು ಗೊಣಗುತ್ತ ನಡೆಯಿತು. ನನ್ನದು ಅರ್ಧಕ್ಕೆ ನಿಂತಿತು. ಹಾಗೆ ನಿಂತರೆ ಮೊದಲ ಗುಂಡಿನ ನಂತರ ಎರಡನೆಯದು ಹೋಗುವುದಿಲ್ಲ.

ಬಿಗಿಯಾಗಿರುವ ಕಡೆ ಎಣ್ಣೆಗೆ ಸರಿಯಲು ಜಾಗವಿಲ್ಲ. ಅದು ಚಳಿಗೆ ಮೇಣದ ಹಾಗೆ ಗಟ್ಟಿಯಾಗಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಡ್ರಾಯಿಂಗ್ ಬರೆದವರು ಆ ಸಡಿಲವನ್ನು ಬೇಕೆಂದೇ ಕೊಟ್ಟಿದ್ದರು. ನಾನು ಅದನ್ನು ಕೊಳೆ ತೆಗೆದ ಹಾಗೆ ತೆಗೆದು, ಎಲ್ಲಕ್ಕಿಂತ ಚಳಿಯ ಜಾಗಕ್ಕೆ ಎಲ್ಲಕ್ಕಿಂತ ಬಿಗಿಯಾದವನ್ನು ಆರಿಸಿ ಕಳಿಸಿದೆ. ಅದರ ಮೇಲೆ ಎಣ್ಣೆಯನ್ನೂ ಹೇಳಿದೆ.

ಈಗಲೇ ಮಾಡಬೇಕಾದ್ದು: ಎಣ್ಣೆಯನ್ನೆಲ್ಲ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಹಾಸಿಗೆಗೆ ತರಬೇಡಿ. ಒಳಗಿನ ಬೆಚ್ಚಗೆ ಅದು ಬೆವರುತ್ತದೆ, ಹೊರಗೆ ಹೋದ ಕೂಡಲೇ ಆ ಬೆವರು ಮಂಜಾಗುತ್ತದೆ. ಹೊರಗಿನ ಚಳಿಯಲ್ಲೇ ಒಣಗಿಸಿ ಇಡಿ. ಪೂರ್ತಿ ವಾಸಿಯಾಗುವುದಿಲ್ಲ, ಎರಡನೆಯ ಗುಂಡು ಹೋಗುತ್ತದೆ. ಹಳೆಯವನ್ನು ಒಪ್ಪಿಸಿಲ್ಲವಾದರೆ ಒಪ್ಪಿಸಬೇಡಿ. ನಿನ್ನ ಸಾಹೇಬರ ಕಾಲು ಹಿಡಿದಾದರೂ ನಿಲ್ಲಿಸು.

ಲಾರಿ ಬಂದು ಹೋಗಿರಬಾರದು ಎಂದು ಬೇಡಿಕೊಳ್ಳುತ್ತಿದ್ದೇನೆ.

ಅಕ್ಕ

*

ಡಿಸೆಂಬರ್ ೧೭

ತಮ್ಮ,

ನಿಮ್ಮ ಅಡುಗೆಯವನು ಬಂದು ಹೋದ. ನೀರು ಕೊಟ್ಟೆ, ಕುಡಿಯದೆ ಲೋಟವನ್ನೇ ನೋಡುತ್ತ ಕೂತಿದ್ದ. ನಿನ್ನ ಪತ್ರವೂ ನನ್ನದೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿಹೋಗಿವೆ. ನೀನು ಕೇಳಿದ್ದಕ್ಕೆ ಉತ್ತರ ಹೊರಟಾಗಿದೆ. ತಲುಪಿದೆಯೇ, ಗೊತ್ತಿಲ್ಲ.

ಏನೂ ಮಾಡಬೇಡ ಎಂದೆಯಲ್ಲ, ಮಾಡಿದೆ. ನಿನ್ನ ಪತ್ರವನ್ನು ಯಾರಿಗೂ ತೋರಿಸಿಲ್ಲ. ತೋರಿಸಿದ್ದು ಆ ಎರಡು ಬಂದೂಕುಗಳನ್ನು. ಮುಖ್ಯಸ್ಥರ ಮೇಜಿನ ಮೇಲೆ ತಣ್ಣನೆಯ ಪೆಟ್ಟಿಗೆಯಿಂದ ತೆಗೆದ ಹಾಗೇ ಇಟ್ಟೆ. ಕಾಗದಗಳೆಲ್ಲ ಒದ್ದೆಯಾದವು. ಅವರು ಮತ್ತೆ ಬೋರ್ಡಿನ ಕಡೆ ಕೈ ತೋರಿಸಿದರು.

"ನಿಮ್ಮ ತಮ್ಮನೇ ಬರ್ದಿರೋದಲ್ವೇನಮ್ಮ ಅದು? ಈಗ ನೀವು ಬೇರೆ ಹೇಳಿದ್ರೆ ನಾನು ಯಾವುದನ್ನ ನಂಬ್ಲಿ?"

"ಅದು ತಮ್ಮ ಅಕ್ಕನಿಗೆ ಬರ್ದಿದ್ದು ಸಾರ್," ಎಂದೆ. "ಬಂದೂಕಿನ ಬಗ್ಗೆ ಬರ್ದಿದ್ದಲ್ಲ."

ಹೊರಗೆ ಬಂದು ಪಿನ್ನು ಕಿತ್ತು ಪತ್ರ ತೆಗೆದುಕೊಂಡೆ. ಅವರು ಒಂದು ವಾರ ಸಮಯ ಕೊಡಿ ಎಂದರು. ನೀನು ಪತ್ರ ಬರೆದ ಮರುದಿನವೇ ನಿನಗೆ ಪಹರೆ ಇತ್ತು. ವಾರವೆಂದರೆ ಎಷ್ಟು ಎಂದು ನನಗೆ ತಿಳಿಯಲಿಲ್ಲ. ಬಸ್ಸು ಹಿಡಿದು ಪರೀಕ್ಷಾ ಕೇಂದ್ರಕ್ಕೆ ನಾನೇ ಹೋದೆ. ಅಲ್ಲಿನ ಅಧಿಕಾರಿ ಹೆಂಗಸು. ನಿಮ್ಮ ಗುರುತಿನ ವಿರುದ್ಧ ನೀವೇ ಸಹಿ ಹಾಕುತ್ತಿದ್ದೀರಿ, ಗೊತ್ತಿದೆಯಲ್ಲ ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳದೆ ಪೆನ್ನು ಮುಂದಕ್ಕೆ ತಳ್ಳಿದರು.

ಇನ್ನು ಉಳಿದದ್ದು ನಿನ್ನದು. ಸಾಹೇಬರ ಮುಂದೆ ಹೋಗಿ ಹೇಳು, ಸ್ವಚ್ಛ ಮಾಡಿದ್ದೆ ಎಂದು. ನೀನು ನನ್ನನ್ನು ಉಳಿಸಿದರೆ ಅದೇ ಚುಕ್ಕಿಯ ಬಂದೂಕು ಹಿಡಿದು ಇನ್ನೊಬ್ಬರ ತಮ್ಮ ಆ ತಿರುವಿನಲ್ಲಿ ನಿಲ್ಲುತ್ತಾನೆ. ಉದ್ದಣ್ಣನ ತೋಳು ಹೇಗಿದೆ? ಅವನಿಗೆ ಏನು ಬರೆಯಲಿ, ತೋಚುತ್ತಿಲ್ಲ.

ಅಕ್ಕ

*

ಜನವರಿ ೧೯

ತಮ್ಮ,

ನಿನ್ನಿಂದ ಏನೂ ಇಲ್ಲ. ದಾರಿ ಮುಚ್ಚಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಅಮ್ಮನಿಗೆ ಅದನ್ನೇ ಹೇಳುತ್ತೇನೆ. ಮೊನ್ನೆ ಅವಳು ಬಿಡದೆ ಕಾಡಿದಾಗ ನಿನ್ನ ಹಳೆಯ ಪತ್ರವನ್ನೇ ಹೊಸದೆಂದು ಓದಿದೆ. ಪೂರ್ತಿ ಕೇಳಿಸಿಕೊಂಡು, "ಆ ಉದ್ದನೆ ಹುಡುಗ ಹೋದ್ಸಲಾನೂ ಇದೇ ಮಾತು ಹೇಳಿದ್ನಲ್ಲೇ," ಎಂದಳು. ಆಮೇಲೆ ಕೇಳುವುದನ್ನೇ ಬಿಟ್ಟಿದ್ದಾಳೆ. ಕೇಳುತ್ತಿದ್ದುದೇ ವಾಸಿ ಇತ್ತು.

ನನ್ನ ಮೂರು ಚುಕ್ಕಿ ಒತ್ತುವ ಪಂಚನ್ನು ವಾಪಸ್ಸು ತೆಗೆದುಕೊಂಡರು. ಕೈಬೆರಳಿನಷ್ಟು ಉಕ್ಕಿನ ತುಂಡು ಅದು. ಅರದ ಚಕ್ರಕ್ಕೆ ಹಿಡಿದು ನನ್ನ ಎದುರಿಗೇ ಸವೆಸಿದರು. ನನ್ನನ್ನು ಪೆಟ್ಟಿಗೆ ಕಟ್ಟುವ ಕಡೆಗೆ ಹಾಕಿದ್ದಾರೆ, ಬಡಗಿಗಳ ಜೊತೆ. ಉಪ್ಪುಕಾಗದದ ಹಿರಿಯರು ಪಕ್ಕದಲ್ಲಿ ಒಂದು ಸ್ಟೂಲು ಸರಿಸಿ ಕೊಟ್ಟರು. ಮೂರು ಚುಕ್ಕಿಯವು ಎಲ್ಲೆಲ್ಲಿವೆಯೋ ಅವನ್ನೆಲ್ಲ ಹಿಂದಕ್ಕೆ ತರಿಸುವ ಆದೇಶ ಹೊರಟಿದೆಯಂತೆ. ನಿಮಗೆ ಕಳಿಸಲು, ಸದ್ದು ಮಾಡುತ್ತವೆ ಎಂದು ನಾನೇ ಸರಿಸಿಟ್ಟಿದ್ದ ಸಾಲಿನಿಂದ ತೆಗೆದು ಪೆಟ್ಟಿಗೆ ಕಟ್ಟುತ್ತಿದ್ದೇವೆ.

ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದಾದರೂ ಬರಿ. ಒಂದೇ ಸಾಲು.

ಅಕ್ಕ

*

ಫೆಬ್ರುವರಿ ೧೧

ಅಕ್ಕ,

ನಿನ್ನ ಮೂರೂ ಪತ್ರಗಳು ಒಂದೇ ದಿನ ಒಂದೇ ಚೀಲದಲ್ಲಿ ಬಂದವು. ತಾರೀಖು ನೋಡಿ ಜೋಡಿಸಿಕೊಂಡು ಓದಿದೆ. ಸಿಟ್ಟಾಗಿದ್ದೇನೆ. ಬಿಗಿಯಾದುದನ್ನು ಆರಿಸಿದ್ದಕ್ಕಲ್ಲ, ಅಕ್ಟೋಬರಿನಲ್ಲಿ ಸುತ್ತು ಬಳಸಿ ಕೇಳಿದ್ದಕ್ಕೆ. ನನ್ನ ಮೇಲೂ ಅಷ್ಟೇ ಸಿಟ್ಟಿದೆ, ಸುತ್ತು ಬಳಸಿ ಹೇಳಿದ್ದಕ್ಕೆ.

ನಿನ್ನ ಪತ್ರಗಳಿಗಿಂತ ಮೊದಲು, ಡಿಸೆಂಬರಿನಲ್ಲೇ, ಪರೀಕ್ಷಾ ಕೇಂದ್ರದ ಮಾತು ವೈರ್‌ಲೆಸ್ಸಿನಲ್ಲಿ ಬಂತು. ಮೂರು ಚುಕ್ಕಿಯವನ್ನು ಒಣಗಿಸಿ, ಎಣ್ಣೆ ಮುಟ್ಟಿಸಬೇಡಿ ಎಂದು. ಅಲ್ಲಿಯವರೆಗಿನ ಪಹರೆಗಳಲ್ಲಿ ಪುಣ್ಯಕ್ಕೆ ಯಾರೂ ಎದುರಾಗಿರಲಿಲ್ಲ. ನಮ್ಮ ಬನಿಯನ್ನುಗಳನ್ನೇ ಹರಿದು ಒರೆಸಿದೆವು. ಮರುದಿನ ಅದೇ ತಿರುವಿನಲ್ಲಿ ಮತ್ತೆ ಎದುರಾದರು. ಎರಡನೆಯ ಗುಂಡು ಹೋಯಿತು. ಮೂರನೆಯದೂ ಹೋಯಿತು. ನಮ್ಮವರೆಲ್ಲ ಹಿಂದಿರುಗಿದರು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲಾರೆ.

ಸಾಹೇಬರ ಹತ್ತಿರ ಹೋಗಿ ಇದ್ದದ್ದು ಹೇಳಿದೆ. ಅವರು, "ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವತ್ತೇ ಗೊತ್ತಿತ್ತು. ಯಾಕೆ ಹೇಳ್ತಿದೀಯ ಅಂತ ಗೊತ್ತಿರ್ಲಿಲ್ಲ," ಎಂದರು. ನನ್ನ ಈ ವರ್ಷದ ರಜೆ ರದ್ದಾಯಿತು. ಅಮ್ಮನಿಗೆ ನೀನೇ ಹೇಳು, ಮತ್ತೆ ಹಳೆಯ ಪತ್ರ ಓದಿ ಮೋಸ ಮಾಡಬೇಡ.

ಉದ್ದಣ್ಣ ಆಸ್ಪತ್ರೆಯಲ್ಲಿದ್ದಾನೆ. ತೋಳು ಉಳಿದಿದೆ, ಎತ್ತಲು ಆಗುವುದಿಲ್ಲ. ಇನ್ನು ಇತ್ತ ಬರುವುದಿಲ್ಲ. ಯಾರ ಕೈಲೋ ನಿನಗೆ ಒಂದು ಮಾತು ಹೇಳಿ ಕಳಿಸಿದ್ದಾನೆ. ಬರೆಯಲೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಇನ್ನು ಏನನ್ನೂ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ, ಅದಕ್ಕೇ ಬರೆಯುತ್ತೇನೆ. "ಚುಕ್ಕಿಯಕ್ಕನಿಗೆ ಹೇಳು, ಭುಜದಲ್ಲಿ ಈಗ ಗಿಲಕಿ ಥರ ಸದ್ದು ಬರುತ್ತೆ, ತಪಾಸಣೇಲಿ ಪಾಸ್ ಮಾಡ್ತಾಳಾ ಅಂತ ಕೇಳು."

ಅವನಿಗೆ ನೀನು ಬರಿ. ಏನು ಬರೆಯಬೇಕೆಂದು ನಾನೂ ಹೇಳಲಾರೆ. ಜೋಕಿಲ್ಲದೆ ಬರಿ.

ಹೋದ ವಾರ, ನಿನ್ನ ಪತ್ರಗಳ ಚೀಲದ ಜೊತೆಗೇ, ಹೆಲಿಕಾಪ್ಟರಿನಲ್ಲಿ ಹೊಸ ಪೆಟ್ಟಿಗೆಗಳು ಬಂದವು. ಒಳಮೈ ಎಷ್ಟು ನುಣುಪಾಗಿತ್ತೆಂದರೆ ಒಬ್ಬ ಅದರಲ್ಲಿ ಬಟ್ಟೆ ಇಟ್ಟುಕೊಂಡಿದ್ದಾನೆ. ಬಂದೂಕಿನ ಮೇಲೆ ಯಾರದೋ ಬೇರೆ ಗುರುತಿದೆ. ಪಹರೆಗೆ ಹೊರಡುವ ಮುಂಚೆ ಸಾಲಾಗಿ ನಿಂತು ಎಲ್ಲರೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತೇವೆ. ಸದ್ದು ಬಂದ ಮೇಲೆಯೇ ಬಾಗಿಲು ದಾಟುತ್ತೇವೆ.

ತಮ್ಮ